ಗಾಜಿನ ಗೋಡೆಯ ಓದುಕೋಣೆ

ಜೂನ್ 10, ಸೋಮವಾರ
ಇವತ್ತೂ ಗಾಜಿನವರು ತಡ. ಸಂಡೂರಿನ ಅದಿರು ಲಾರಿಗಳ ಸಾಲಿನಲ್ಲಿ ಸಿಕ್ಕಿಕೊಂಡರಂತೆ. ಲೈಬ್ರರಿ ಓದುಕೋಣೆಯ ಹಳೆಯ ಉದ್ದ ಮೇಜುಗಳೆಲ್ಲ ಹೊರಗೆ ಹೋದವು. ಇನ್ನು ಗಾಜಿನ ಡಿಸ್ಕಶನ್ ರೂಮು, ಬೀನ್ ಬ್ಯಾಗು, ಗೋಡೆ ತುಂಬ ಬರೆಯುವ ಬೋರ್ಡು. ಎಲ್ಲ ನನ್ನ ಪ್ಲ್ಯಾನ್. ಈ ವಿಶ್ವವಿದ್ಯಾಲಯದಲ್ಲಿ ಉಪಗ್ರಂಥಪಾಲಕಿಯಾದ ನನ್ನನ್ನು ಕೇಳಿ ಏನಾದರೂ ಕಟ್ಟುತ್ತಿರುವುದು ಇದೇ ಮೊದಲು.

ಮಧ್ಯಾಹ್ನ ವಿದ್ಯಾರ್ಥಿಗಳ ಸಭೆ. ಪಿಎಚ್‌ಡಿಯ ಶಿಲ್ಪಶ್ರೀ ಎದ್ದು ನಿಂತಳು. ಬುಕ್ಕಸಾಗರದವಳು, ಕೈಕೂಸಿನ ತಾಯಿ. ಅವಳು ಓದುವಷ್ಟು ಹೊತ್ತು ಅತ್ತೆ ಕೂಸನ್ನೆತ್ತಿಕೊಂಡು ಪೋರ್ಟಿಕೋದಲ್ಲಿ ಕೂತಿರುತ್ತಾರೆ.

"ಹೇಮಾ ಮೇಡಂ, ಒಂದು ಸಣ್ಣ ರೂಮಿಗೆ ಗಾಜು ಬ್ಯಾಡ್ರಿ. ಕೂಸಿಗೆ ಹಾಲು ಕುಡಿಸಾಕ..."

"ಲೈಬ್ರರಿ ಇದು. ಅಂಗನವಾಡಿ ಅಲ್ಲವ್ವ" ಎಂದೆ.

ಎಲ್ಲರೂ ನಕ್ಕರು. ನಾನೂ.

ಆಗಸ್ಟ್ 7
ಉದ್ಘಾಟನೆ. ಕುಲಪತಿಗಳು, ಅತಿಥಿಗಳು, ಫೋಟೋದ ಹಾಲೇಶ್. ಗಾಜಿನ ರೂಮು ನೋಡಿ ಹೊಗಳಿದ್ದೇ ಹೊಗಳಿದ್ದು. ಉಬ್ಬಿಹೋಗಿದ್ದೆ. ಗಾಜು ಹಾಕಲು ಹಳೆಯ ಪತ್ರಿಕೆಗಳ ಕೋಣೆಯೊಂದು ಬಾಕಿಯಿತ್ತು. "ಮುಂದಿನ ಹಂತ ಇಲ್ಲಿ, ಸರ್" ಎನ್ನುತ್ತ ಬಾಗಿಲು ತಳ್ಳಿದೆ.

ಪತ್ರಿಕೆ ಕಟ್ಟುಗಳ ಮೇಲೆ ಶಿಲ್ಪಶ್ರೀ. ಎದೆಗೆ ಕೂಸು. ಹಿಂದಿನಿಂದ ಫ್ಲ್ಯಾಶ್ ಹೊಳೆಯಿತು.

ಅವಳು ಗೋಡೆಯ ಕಡೆ ತಿರುಗಿದಳು. ನಾನು ಬಾಗಿಲೆಳೆದು "ಸಾರಿ, ಸರ್" ಎಂದೆ. ಸರ್‌ಗೆ. ಅವಳಿಗಲ್ಲ.

ಆಗಸ್ಟ್ 8
ಹಾಲೇಶ್‌ನನ್ನು ಎದುರಿಗೆ ನಿಲ್ಲಿಸಿಕೊಂಡು ಆ ಫೋಟೋ ಅಳಿಸಿಸಿದೆ. ಇಷ್ಟೇ ಮಾಡಿದ್ದು. ಅವಳು ಬಂದಿಲ್ಲ.

ಆಗಸ್ಟ್ 26
ಇನ್ನೂ ಬಂದಿಲ್ಲ. ಕೊನೆಗೆ ನಾನೇ ಬುಕ್ಕಸಾಗರಕ್ಕೆ ಹೋದೆ. ಅತ್ತೆ ದ್ಯಾಮಕ್ಕ ಚಾಪೆ ಹಾಸಿದರು, ಮಜ್ಜಿಗೆ ಕೊಟ್ಟರು. "ಕುಂದ್ರಿ ಮೇಡಮ್ಮಾರ. ಓದು ಬಿಡ್ತೀನಿ ಅಂತ ಕುಂತಾಳ. ಯಾಕಂತ ಕೇಳಿದ್ರ ಬಾಯಿ ಬಿಡವಲ್ಲಳು. ನೀವಾರ ಬುದ್ಧಿ ಹೇಳ್ರಿ."

ಮನೆಯಲ್ಲಿ ಏನೂ ಹೇಳಿಲ್ಲ ಅವಳು. ಮಜ್ಜಿಗೆ ಲೋಟ ಕೆಳಗಿಟ್ಟೆ.

ಅತ್ತೆ ಒಳಗೆ ಹೋದಮೇಲೆ ಶಿಲ್ಪಶ್ರೀ ಬಂದು ಬಾಗಿಲಿಗೊರಗಿ ನಿಂತಳು.

"ನಂದು ತಪ್ಪಾತವ್ವ."

"ನೀವು ಹೆಣ್ಮಗಳು ಅಂತ ಧೈರ್ಯ ಮಾಡಿ ಕೇಳಿದ್ದೆ, ಮೇಡಂ. ಆಗಂಗಿಲ್ಲ ಅಂದಿದ್ರ ಸಾಕಿತ್ರಿ. ನಕ್ಕುಬಿಟ್ರಿ."

ನನ್ನ ಚೇಂಬರಿಗೆ ಕಟ್ಟಿಗೆ ಬಾಗಿಲು ಐತಿ, ಒಳಗ ಚಿಲಕ ಐತಿ, ಇನ್ನ ಅದು ನಿಂದು ಎಂದೆ.

ಸೆಪ್ಟೆಂಬರ್ 2
ನನ್ನ ಮೇಜು, ಕಂಪ್ಯೂಟರು ಚೇಂಬರಿನಿಂದ ಕೌಂಟರಿಗೆ ಬಂದವು. "ಏನ್ರಿ ಮೇಡಂ, ಡಿಮೋಷನ್ನಾ?" ಎಂದರು ಅಕೌಂಟ್ಸಿನ ವೀರೇಶ್. ನಗಲಿ.

ಸೆಪ್ಟೆಂಬರ್ 11
ಬಂದಳು! ಅತ್ತೆ, ಕೂಸು ಜೊತೆಗೆ. ನನ್ನ ಮುಖ ನೋಡಲಿಲ್ಲ.

"ಕೀಲಿ ನನ್ನ ಕಡೇನ ಇರ್ಲಿ, ಮೇಡಂ."

ಕೊಟ್ಟೆ.

"ಇದೊಂದೇನ್ರಿ?"

ಹೂಂ ಎಂದುಬಿಟ್ಟೆ. ಒಳಗಿನಿಂದ ಚಿಲಕ ಬಿದ್ದ ಸದ್ದು ಕೇಳಿಸಿತು. ಮನಸ್ಸು ಹಗುರಾಗಬೇಕಿತ್ತು...

ಇನ್ನೊಂದು ಕೀಲಿ ನನ್ನ ಪರ್ಸಿನಲ್ಲೇ ಇದೆ. ಯಾಕೆ ಹೂಂ ಅಂದೆ? ನಾಳೆ ಅವಳು ಬಂದ ಕೂಡಲೇ ಅದನ್ನೂ ಕೊಟ್ಟುಬಿಡಬೇಕು.