ಹುಳುಮನೆಯ ಬಾಗಿಲಲ್ಲಿ ಅತ್ತೆ

ಫೆಬ್ರವರಿ 3, ಸೋಮವಾರ

ಇವತ್ತೂ ಬ್ಲೀಚಿಂಗ್. ಮೂಗೆಲ್ಲ ಉರಿ. ಗೋಡೆ, ನೆಲ, ಟ್ರೇ, ಸ್ಟ್ಯಾಂಡ್ ಎಲ್ಲ ಇನ್ನೊಂದು ಸಲ ತೊಳೆದಾಯಿತು. ರೇಷ್ಮೆ ಮೊಟ್ಟೆ ಬರುವಷ್ಟರಲ್ಲಿ ಈ ವಾಸನೆ ಹೋಗಬೇಕು. ಬೇರೆಯವರ ಚಾಕಿ ಸೆಂಟರಿನಲ್ಲಿ ದುಡಿದದ್ದು ಸಾಕು, ಇನ್ನು ನಮ್ಮದೇ. ಚಾಕಿ ಅಂದರೆ ಆಗ ತಾನೇ ಹುಟ್ಟಿದ ಹುಳುಗಳನ್ನು ಒಸಿ ದೊಡ್ಡವು ಮಾಡಿ ರೈತರಿಗೆ ಕೊಡುವುದು. ಹೇಳುವುದಕ್ಕೆ ಇಷ್ಟೇ... ಮೊದಲ ಬ್ಯಾಚ್ ಕೆಟ್ಟರೆ ಅಕ್ಕೂರಿನಲ್ಲಿ ಯಾರೂ ನಮ್ಮ ಬಾಗಿಲು ತುಳಿಯುವುದಿಲ್ಲ.

ಇವರು ಹಾರೋಹಳ್ಳಿ ಫ್ಯಾಕ್ಟರಿ ಬಿಟ್ಟು ಬರುವ ಹಾಗಿಲ್ಲ. ಭಾನುವಾರ ಮಾತ್ರ ಮನೆ. ಉಳಿದಂತೆ ನಾನು, ಅತ್ತೆ.

ಬಾಗಿಲಿಗೆ ಬೋರ್ಡು ಹಾಕಿಸಿದೆ. ಬೀಡಿ, ಹೊಗೆಸೊಪ್ಪು, ನಶ್ಯ, ಸೆಂಟು ಇದ್ದವರು ಒಳಗೆ ಬರಬಾರದು. ಹೊಗೆಸೊಪ್ಪಿನ ಕೈ ತಾಗಿದ ಸೊಪ್ಪು ತಿಂದರೆ ಮರಿಹುಳು ಉಳಿಯುವುದಿಲ್ಲ. ಅತ್ತೆಗೆ ಓದು ಬರುವುದಿಲ್ಲ. ಕೇಳಿದರು, ಓದಿ ಹೇಳಿದೆ.

“ನಂಗೇಯ ಬರೆಸಿದ್ದೀಯ ಅನ್ನು.”

“ಎಲ್ಲರಿಗೂ ಅತ್ತೆ.”

ಎಲಡಿಕೆ, ಹೊಗೆಸೊಪ್ಪಿನ ಚೀಲ ಸೊಂಟಕ್ಕೆ ಸಿಕ್ಕಿಸಿಕೊಂಡು ಹಿಪ್ಪುನೇರಳೆ ತೋಟಕ್ಕೆ ಹೋದರು. ಮಾವ ಹೋದ ಮೇಲೆ ಆ ಹೊಗೆಸೊಪ್ಪೇ ಅವರ ಜೊತೆಗಾರ. ಅದನ್ನು ಬಿಡಿ ಅನ್ನಲು ನಾನ್ಯಾರು.

ಫೆಬ್ರವರಿ 6, ಗುರುವಾರ

ಹುಟ್ಟಿದವು. ಎಳ್ಳಿಗಿಂತ ಸಣ್ಣ, ಕಪ್ಪು. ಉಸಿರು ಬಿಡಲೂ ಹೆದರಿಕೆ. ಎಳೆ ಸೊಪ್ಪನ್ನು ಸಣ್ಣಗೆ ಕತ್ತರಿಸಿ ಉದುರಿಸಿದೆ. ಟ್ರೇ ಮುಗಿಯುವುದೇ ಇಲ್ಲ. ಬೆನ್ನು ಬಿದ್ದುಹೋಗಿದೆ.

ಅತ್ತೆ ಸೊಪ್ಪಿನ ಪುಟ್ಟಿ ದೂರದಲ್ಲೇ ಇಟ್ಟು, ಕಿಟಕಿಯಾಚೆಯಿಂದ, “ಎದ್ದವಾ? ಹೆಂಗವೆ?”

ಮೊಬೈಲಿನಲ್ಲಿ ವಿಡಿಯೋ ಮಾಡಿ ತೋರಿಸಿದೆ. ತುಂಬ ಹೊತ್ತು ನೋಡಿದರು. “ನಿನ್ ಗಂಡ ದೇವರಾಜು ಹುಟ್ಟಿದಾಗ ನಿಮ್ಮಾವ್ನೂ ಹಿಂಗೇಯ, ಬಾಗ್ಲಾಚೆ ನಿಂತ್ಕಂಡು ಹೆಂಗೈತೆ ಹೆಂಗೈತೆ ಅಂತಿದ್ರು.”

ಸೊಪ್ಪು ಅವರೇ ಕೊಯ್ದದ್ದು ಅಂತ ಈಗ ಹೊಳೆಯಿತು. ಆ ಕೈಯಲ್ಲೇ! ಓಡಿಹೋಗಿ ಕೇಳಿದೆ. “ಕೈಗೆ ಕವರ್ ಕಟ್ಕಂಡೇ ಕುಯ್ದಿವ್ನಿ, ಹೋಗು” ಅಂದರು. ನಾಚಿಕೆಯಾಯಿತು.

ಫೆಬ್ರವರಿ 9, ಭಾನುವಾರ

ಅತ್ತೆ ಮಾತು ನಿಲ್ಲಿಸಿದ್ದಾರೆ. ನಾಯಿಗೆ ಬೈಗುಳ, ಪಾತ್ರೆ ಕುಕ್ಕುವುದು. ಮುದ್ದೆ ಹಾಗೇ ಉಳಿದಿದೆ. ತಲೆನೋವಂತೆ.

ಇವರು ಬಂದಿದ್ದರು. “ಅವ್ವಂಗೆ ಬೇಜಾರಾಗೈತೆ ಕಣೇ. ಸ್ವಂತ ಮನೇಲೇ ಆಚೆ ನಿಲ್ಸುಬುಟ್ಟಂಗೆ ಆಯ್ತಲ್ಲ. ಬೋರ್ಡು ತೆಗ್ದಾಕು.”

“ಹುಳ ಸತ್ತರೆ?”

ಅತ್ತೆ ಇಲ್ಲದೆ ಈ ಕೆಲಸ ಆಗುವುದಿಲ್ಲ. ಅತ್ತೆ ಒಳಗೆ ಬಂದರೂ ಆಗುವುದಿಲ್ಲ.

ಫೆಬ್ರವರಿ 10, ಸೋಮವಾರ

ಹುಳು ಮೊದಲ ಜ್ವರಕ್ಕೆ ಕೂತಿವೆ. ಪೊರೆ ಬಿಡುವ ತನಕ ತಿನ್ನುವುದಿಲ್ಲ, ಅಲ್ಲಾಡುವುದಿಲ್ಲ. ಸುಣ್ಣ ಉದುರಿಸಿ ಹೊರಗೆ ಬಂದೆ.

ಅತ್ತೆಯೂ ಹಾಸಿಗೆ ಬಿಟ್ಟಿಲ್ಲ. ಕಾಫಿ ಕೊಟ್ಟೆ, ಲೋಟ ಹಿಡಿದ ಕೈ ನಡುಗಿತು. ಹೆದರಿಕೊಂಡೆ, ಡಾಕ್ಟರ ಹತ್ತಿರ ಹೋಗೋಣ ಅಂದೆ. ಬೇಡ ಅಂತ ತಲೆ ಆಡಿಸಿಬಿಟ್ಟರು.

ಹಿತ್ತಲಿಗೆ ಹೋದರೆ — ಬಟ್ಟೆ ತಂತಿಯ ಮೇಲೆ ಎಲಡಿಕೆ ಚೀಲ. ಒಗೆದು, ಒಳಗನ್ನು ಹೊರಗೆ ಮಾಡಿ ಒಣಗಿಹಾಕಿದ್ದಾರೆ. ಒಂದು ಚೂರು ಹೊಗೆಸೊಪ್ಪಿಲ್ಲ.

ಚೀಲ ಒಳಗೆ ತಂದು ಕೇಳಿದೆ, “ಇದೇನತ್ತೆ?”

“ವಾಸ್ನೆ ಹೊಡೀತಿತ್ತು, ಒಗ್ದೆ.” ಗೋಡೆ ಕಡೆ ತಿರುಗಿ ಮಲಗಿದರು.

ಕೋಪವಲ್ಲ. ಇಷ್ಟು ದಿನ ಇದ್ದದ್ದು ಕೋಪವೇ ಅಲ್ಲ, ಹೊಗೆಸೊಪ್ಪು ಬಿಟ್ಟ ಸಂಕಟ. ಕಾಲ ಹತ್ತಿರ ಕೂತು ಒತ್ತಿದೆ. ಬೇಡ ಅನ್ನಲಿಲ್ಲ.

ಫೆಬ್ರವರಿ 12, ಬುಧವಾರ

ಸೊಪ್ಪು ಕತ್ತರಿಸುವಾಗ ಬೆರಳು ಕೊಯ್ದುಕೊಂಡೆ. ರಕ್ತ ನಿಲ್ಲಲಿಲ್ಲ. ಹುಳು ಜ್ವರ ಬಿಟ್ಟು ಹಸಿದಿವೆ, ಅರ್ಧ ಟ್ರೇಗೂ ಸೊಪ್ಪಿಲ್ಲ. ಅಳು ಬಂತು, ಅತ್ತುಬಿಟ್ಟೆ.

ಬಾಗಿಲಲ್ಲಿ ಸದ್ದು. ಅತ್ತೆ. ತಲೆಗೆ ಸ್ನಾನ ಮಾಡಿ, ಎಣ್ಣೆ ಹಚ್ಚದೆ, ಒಗೆದ ಸೀರೆ ಉಟ್ಟು ಹೊಸಿಲಾಚೆ ನಿಂತಿದ್ದಾರೆ. ಎರಡೂ ಅಂಗೈ ಮುಂದೆ ಚಾಚಿದರು.

“ಮೂಸಿ ನೋಡು. ಬೂದೀಲಿ ತಿಕ್ಕಿ ತೊಳ್ದಿವ್ನಿ. ಬಾಯಲ್ಲೂ ಇಲ್ಲ, ಬೇಕಾದ್ರೆ ಅದ್ನೂ ನೋಡ್ಕೊ.”

ಮೂಸಿದೆ. ಏನೂ ಇಲ್ಲ. ಈ ಮನೆಗೆ ಬಂದ ದಿನದಿಂದ ಅತ್ತೆ ಅಂದರೆ ಆ ವಾಸನೆಯೇ. ಅದಿಲ್ಲದ ಕೈಯಲ್ಲಿ ಮುಖ ಇಟ್ಟುಕೊಂಡು ನಿಂತುಬಿಟ್ಟೆ.

“ಸಾಕು ಬುಡವ್ವ, ಹುಳ ಹಸ್ಕಂಡವೆ” ಅಂದರು. ನನ್ನನ್ನು ದಾಟಿ ಒಳಗೆ ಹೋದರು.

ಫೆಬ್ರವರಿ 15, ಶನಿವಾರ, ಬೆಳಿಗ್ಗೆ

ಎರಡನೇ ಜ್ವರವೂ ಬಿಟ್ಟಿತು. ಎಲ್ಲ ಎದ್ದಿವೆ. ತಲೆಯೆತ್ತಿ ಸೊಪ್ಪು ಹುಡುಕುತ್ತಿವೆ.

ನಮ್ಮ ಮೊದಲ ಗಿರಾಕಿ ಬೋರಲಿಂಗಯ್ಯನವರು ಆಟೋ ತಂದಿದ್ದಾರೆ. ಹುಳು ನೋಡಲು ಒಳಗೆ ಕಾಲಿಟ್ಟರು, ಅತ್ತೆ ಅಡ್ಡ ನಿಂತರು.

“ಬೋರಣ್ಣ, ಬೋರ್ಡು ಕಾಣಾಕಿಲ್ವಾ?”

“ಬೀಡಿ ಆಚೇಲೇ ಬಿಸಾಕ್ದೆ ಕಣಕ್ಕ.”

“ಕೈ ತೋರ್ಸು.”

ಪಾಪ, ತೋರಿಸಿದರು. ಅತ್ತೆ ಬಗ್ಗಿ ಮೂಸಿ, ಬೂದಿ ಡಬ್ಬ ಕೈಗಿಟ್ಟು ಕೊಳಾಯಿ ಕಡೆ ಕಳಿಸಿದರು. ನಗು ತಡೆಯಲಾರದೆ ಇಲ್ಲಿ ಬಂದು ಕೂತು ಬರೆಯುತ್ತಿದ್ದೇನೆ. ಅವರೀಗ ಎರಡನೇ ಸಲ ತೊಳೆಯುತ್ತಿದ್ದಾರೆ. ಅತ್ತೆ ಕೂಗುತ್ತಿದ್ದಾರೆ — “ಲತಾ, ಬಾ ಇಲ್ಲಿ, ನೀನೊಂದ್ಸಲ ಮೂಸು, ನಮ್ಮ ಹುಳ ಇವಣ್ಣನ ಕೈಗಲ್ವಾ ಹೋಗೋದು...”

ನಮ್ಮ ಹುಳ, ಅಂದರು. ನಮ್ಮ —