ಪಾಸಾದ ಮೇಲೆ ಮನೆಗೆ

ಚಿತ್ರದುರ್ಗ

ತಾಳ್ಯದ ಅತ್ತೆ ಗಿರಿಯಮ್ಮನವರಿಗೆ ಜಯಶೀಲಾ ಮಾಡುವ ನಮಸ್ಕಾರ.

ಅತ್ತೆ, ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಪರೀಕ್ಷೆ ಪಾಸಾದೆ. ನಿಮ್ಮ ಮಗ ತೀರಿಕೊಂಡ ಮೇಲೆ, "ಕುರಿ, ಮಗು ಎಲ್ಡನ್ನೂ ನಾನ್ ನೋಡ್ಕಂತೀನಿ, ನೀನು ಹೋಗಿ ಓದ್ಕ" ಅಂತ ನನ್ನನ್ನ ಬಸ್ ಹತ್ತಿಸಿದವರು ನೀವು. ಈಗ ಸರ್ಟಿಫಿಕೇಟ್ ನೋಡಿ ನಮ್ಮ ಗಾಳಿಯಂತ್ರದ ಕಂಪನಿಯವರು ಒಂದು ಇಡೀ ಕೆಲಸದ ಉಸ್ತುವಾರಿ ಕೊಟ್ಟಿದಾರೆ. ಪುಣೆಗೂ ಕರೆದರು. ನಾನು ನಮ್ಮ ಕಡೆಯ ಮತ್ತೋಡಿನ ಗುಡ್ಡದ ಕೆಲಸವನ್ನೇ ಕೇಳ್ಕೊಂಡೆ. ಅಷ್ಟೊಂದು ಜನರ ಕೆಲಸ ಹೊಂದಿಸಬೇಕಲ್ಲ ಅಂತ ಹೆದರಿಕೆ ಐತೆ, ಖುಷಿ ಅದಕ್ಕಿಂತ ಜಾಸ್ತಿ ಐತೆ.

ಹೋದ ಸಲ ಬಂದಾಗ ನೀವು ಕುರಿಗೆ ನೀರು ಕುಡಿಸ್ತಾ, "ಪಾಸಾದ್ರೆ ನಿನ್ನ ಮಗಳು ಚಿತ್ರಾನ ಇಲ್ಲಿಂದ ಕರ್ಕಂಡು ಹೋಗ್ತೀಯೇನವ್ವ?" ಅಂದ್ರಿ. ಅದರ ಉತ್ತರಾನ ಫೋನಲ್ಲಿ ಹೇಳಿದರೆ ಇಬ್ಬರೂ ಅಳ್ತೀವಿ ಅಂತ ಈಗ ಬರೀತಿದೀನಿ.

ಸೋಮವಾರದಿಂದ ನಾನೇ ತಾಳ್ಯದಲ್ಲಿರ್ತೀನಿ. ಅಲ್ಲಿಂದಲೇ ಕಂಪನಿ ಜೀಪಲ್ಲಿ ಕೆಲಸಕ್ಕೆ ಓಡಾಡ್ತೀನಿ. ನಡುಮನೆಯ ಉಣ್ಣೆ ಮೂಟೆ ಸ್ವಲ್ಪ ಸರಿಸಿರ್ರಿ, ಒಂದು ಮೇಜು ಹಾಕ್ಕೊಬೇಕು. ಮಗಳು ಮಲಗೋ ಜಾಗ ಮಾತ್ರ ಬದಲಿಸಬೇಡ್ರಿ. ಅವಳು ನಿಮ್ಮ ಮಗ್ಗುಲಲ್ಲೇ ಇರ್ಲಿ. ನಾನು ಅವಳ ಇನ್ನೊಂದು ಮಗ್ಗುಲಲ್ಲಿ ಮಲಗ್ತೀನಿ.

ನಿಮ್ಮ ಸೊಸೆ,
ಜಯಶೀಲಾ