ಅಕ್ಕ ತುಳಿಯುವ ಮಿಷನ್

ಮಾರ್ಚ್ 3, ಬೆಳಿಗ್ಗೆ

ಮಾತ್ರೆ ಆಯಿತು. ಕಾಫಿ ಆಯಿತು. ಕೆಳಗೆ ಅಂಗಡಿಯಲ್ಲಿ ಅಕ್ಕ ಹೊಲಿಗೆ ಮಿಷನ್ ತುಳಿಯಲು ಶುರು ಮಾಡಿದಳು. ಮೇಲೆ ನಾನು ಕೀಬೋರ್ಡ್ ಆನ್ ಮಾಡಿದೆ. ಗುಮಾಸ್ತ ಬಾಯಿ ಮುಚ್ಚಿದ.

ಹೊಸ ಡೈರಿ. ಇವನನ್ನು ಮತ್ತೆ ಪರಿಚಯ ಮಾಡಿಸಬೇಕು. ಗುಮಾಸ್ತ ಎಂದರೆ ನನ್ನ ಎಡಗಿವಿಯಲ್ಲಿ ಇರುವವನು. ಕಾಲೇಜಿನ ದಿನಗಳಲ್ಲಿ ಬಂದು ಕೂತ, ಬಾಡಿಗೆ ಕೊಡದೆ ಇದ್ದಾನೆ. ಹಲ್ಲುಜ್ಜಿದರೂ ತಪ್ಪು ಹುಡುಕುತ್ತಾನೆ. ಅದು ಕಾಯಿಲೆಯ ದನಿ ಎನ್ನುತ್ತಾರೆ ಡಾಕ್ಟರಮ್ಮ. ಮಾತ್ರೆಗೆ ತಗ್ಗುತ್ತಾನೆ, ಹೋಗುವುದಿಲ್ಲ. ಮಿಷನ್ ಸದ್ದಿಗೆ ಕೀಬೋರ್ಡ್ ಸೇರಿದರೆ ಮಾತ್ರ ಪೂರ್ತಿ ತೆಪ್ಪಗೆ. ಯಾಕೆ ಅಂತ ಗೊತ್ತಿಲ್ಲ. ದಿನಾ ಹೀಗೆ, ದಿನಾ ಬೆರಗು.

ಇವತ್ತು ನುಡಿಸಿದ ಹಾಡನ್ನು, ಅಕ್ಕ ಅಳತೆಗೆ ಗುರುತು ಹಾಕುವ ಸೀಮೆಸುಣ್ಣದಿಂದ ಚಿಂದಿ ಬಟ್ಟೆಯ ಮೇಲೆ ಬಿಡಿಸಿದೆ. ಸ್ವರ ಬರೆಯಲು ಬರುವುದಿಲ್ಲ, ಯಾರೂ ಕಲಿಸಲಿಲ್ಲ. ಹಾಡು ಏರಿದ ಕಡೆ ಗೆರೆ ಏರುತ್ತದೆ, ಅಷ್ಟೆ. ಅಕ್ಕ ಕೊಡುವ ಚಿಂದಿಗಳಲ್ಲಿ ಮೊದಲೇ ಸೊಟ್ಟಸೊಟ್ಟ ಹೊಲಿಗೆ ಇರುತ್ತದೆ, ಯಾಕೋ. ಹೋದ ತಿಂಗಳು ಬ್ಯಾಂಕ್ ಮ್ಯಾನೇಜರ್ ಕೋಟಿನ ಲೈನಿಂಗ್ ಮೇಲೇ ಬಿಡಿಸಿಬಿಟ್ಟಿದ್ದೆ. ಅಕ್ಕ ಚೆನ್ನಾಗಿ ಬೈದಳು. ಆಮೇಲೆ ಚಿತ್ರ ಒಳಗೆ ಮಾಡಿ ಹೊಲಿದಳು. ಆ ಮನುಷ್ಯ ಹಾಡು ತೊಟ್ಟು ಓಡಾಡುತ್ತಿದ್ದಾರೆ!

ಮಾರ್ಚ್ 5

ಆಸ್ಪತ್ರೆಯ ಡೇ ಕೇರ್ ಹಾಲ್‌ನಲ್ಲಿ ಇಪ್ಪತ್ತೆರಡನೇ ತಾರೀಕು ನುಡಿಸುತ್ತೀರಾ ಅಂತ ಡಾಕ್ಟರಮ್ಮ ಕೇಳಿದರು. ಹೊರಗಿನ ಜನ ಬರುತ್ತಾರಂತೆ. ಚಿಂದಿ ಚಿತ್ರಗಳನ್ನೂ ಗೋಡೆಗೆ ಹಾಕುತ್ತಾರಂತೆ.

ಆಸೆ. ತುಂಬಾ ಆಸೆ. ಇಷ್ಟು ವರ್ಷ ಈ ಕೋಣೆಯ ಗೋಡೆಗಳೇ ಕೇಳಿದ್ದು. ಆದರೆ ಅಲ್ಲಿ ಮಿಷನ್ ಇಲ್ಲ. ಗುಮಾಸ್ತ ಕೂಗಲು ಶುರು ಮಾಡಿದರೆ?

ಅಕ್ಕನಿಗೆ ಹೇಳಿದೆ. "ಕುಣಿಯೋಕೆ ಬರದೋನು ನೆಲ ಡೊಂಕು ಅಂದನಂತೆ" ಎಂದಳು, ಹಲ್ಲಲ್ಲಿ ದಾರ ಕಡಿಯುತ್ತ.

"ನೆಲ ಡೊಂಕೇ ಇದೆ ಅಕ್ಕ."

ನಗಲಿಲ್ಲ ಅವಳು.

ಮಾರ್ಚ್ 8

ಹಾಲ್‌ನಲ್ಲಿ ಪ್ರಾಕ್ಟೀಸ್. ಫ್ಯಾನ್ ಸದ್ದು ಮಾತ್ರ. ಕೀ ಒತ್ತುವ ಮೊದಲೇ ಅವನು — ನೀನೂ ಒಬ್ಬ ಕಲಾವಿದನಾ, ಎದ್ದೇಳು, ಎದ್ದೇಳು... ಕಿವಿ ಮುಚ್ಚಿಕೊಂಡು ಮನೆಗೆ ಓಡಿದೆ.

ಮಾರ್ಚ್ 19

ಈಗ ಪೆನ್ ಹಿಡಿಯಬಹುದು. ಅಷ್ಟೂ ದಿನ ಹೊದಿಕೆಯೊಳಗಿದ್ದೆ. ಮಾತ್ರೆ ಬದಲಾಗಿದೆ. ಕೆಳಗೆ ಮಿಷನ್ ಓಡುವುದು, ನಿಲ್ಲುವುದು ಕೇಳುತ್ತಲೇ ಇತ್ತು.

ಹಾಲ್‌ಗೆ ಹೋಗಲ್ಲ ಅಂದೆ.

"ನೆಲ ಡೊಂಕು ತಾನೆ? ನಮ್ಮ ನೆಲಾನೇ ಹೊತ್ಕೊಂಡು ಹೋಗೋಣ ಬಿಡು. ಹಾಲು ಮಾರೋನ ವ್ಯಾನಿಗೆ ಹೇಳಿದೀನಿ" ಎಂದಳು ಅಕ್ಕ.

ಮಾರ್ಚ್ 23, ಬೆಳಿಗ್ಗೆ

ನಿನ್ನೆಯದನ್ನು ಹೇಗೆ ಬರೆಯಲಿ?

ಹಾಲಿನ ಕ್ರೇಟುಗಳ ಮಧ್ಯೆ ಮಿಷನ್ ಹೋಯಿತು. ನಾಲ್ಕು ಜನ ಏದುಸಿರು ಬಿಟ್ಟು ಸ್ಟೇಜಿಗೆ ಏರಿಸಿದರು. ನಂಟರ ಮನೆಯಲ್ಲೂ ಬಾಗಿಲ ಹಿಂದೆ ನಿಂತು ಮಾತಾಡುವ ಅಕ್ಕ ಅಷ್ಟು ಜನರೆದುರು ಸ್ಟೂಲಿನ ಮೇಲೆ ಕೂತಳು. ಯಾರೋ ನಕ್ಕರು. "ಬಟ್ಟೆ ಇಲ್ದೆ ತುಳಿದ್ರೆ ಮಿಷನ್ ಹಾಳಾಗುತ್ತೆ" ಅಂತ ಗಿರಾಕಿಯ ಪರದೆಯನ್ನೂ ತಂದಿದ್ದಳು.

ತುಳಿದಳು. ನುಡಿಸಿದೆ. ಗುಮಾಸ್ತ ಗಪ್‌ಚಿಪ್.

ಅರ್ಧದಲ್ಲಿ ದಾರಿ ತಪ್ಪಿತು. ಬೆರಳು ನಿಂತವು. ಮಿಷನ್ನೂ ನಿಂತಿತು. ಈಗ ಬರುತ್ತಾನೆ, ಈಗ ಕೂಗುತ್ತಾನೆ... ಬರಲಿಲ್ಲ. ಅಕ್ಕ ಚಕ್ರದ ಮೇಲೆ ಕೈಯಿಟ್ಟು ನನ್ನನ್ನೇ ನೋಡುತ್ತಿದ್ದಳು. ಕಾಯುತ್ತಿದ್ದಳು. ಒಂದು ಸ್ವರ ಒತ್ತಿದೆ. ಅವಳ ಕಾಲು ಹಿಂದೆಯೇ ಬಂತು. ನಿಧಾನ ಮಾಡಿದೆ — ನಿಧಾನವಾದಳು. ಓಡಿದೆ — ಓಡಿದಳು. ಮೈ ಜುಮ್ಮೆಂದಿತು. ಜನ ಇರುವುದೇ ಮರೆತುಹೋಯಿತು. ಚಪ್ಪಾಳೆ ಕೇಳಿ ಬೆಚ್ಚಿಬಿದ್ದೆ.

ವ್ಯಾನಿನಲ್ಲಿ ಕೇಳಿದೆ, "ಅಕ್ಕ, ದಿನಾ ನಾನಲ್ವಾ ನಿನ್ನ ಮಿಷನ್ ಹಿಂದೆ ನುಡಿಸ್ಕೊಂಡು ಬರೋದು?"

"ಯಾರಂದಿದ್ದು? ನಿನ್ನ ಹಾಡು ಬರೋವರೆಗೂ ಚಿಂದಿ ಮೇಲೆ ತುಳೀತಾ ಇರ್ತೀನಿ ಕಣೋ. ಅದು ಬಂದ್ಮೇಲೇ ನನ್ನ ಹೊಲಿಗೆ ನೆಟ್ಟಗಾಗೋದು. ನೀನು ಹೊದ್ದು ಮಲಗಿದ್ದಷ್ಟು ದಿನ ಹೊಲಿದಿದ್ದೆಲ್ಲ ಸೊಟ್ಟ, ಈಗ ಬಿಚ್ಚಬೇಕು."

ಆ ಸೊಟ್ಟ ಹೊಲಿಗೆಗಳು! ಅವೆಲ್ಲ ಅಕ್ಕ ನನಗಾಗಿ ಕಾದದ್ದು. ಅದರ ಮೇಲೇ ಇಷ್ಟು ವರ್ಷ ಹಾಡು ಬಿಡಿಸಿದ್ದೇನೆ, ನೋಡದೆ.

ಕೆಳಗೆ ಮಿಷನ್ ಶುರುವಾಯಿತು. ಚಿಂದಿ ಮೇಲೆ. ಎಡಗಿವಿಯವನು ಗಂಟಲು ಸರಿಮಾಡಿಕೊಳ್ಳುತ್ತಿದ್ದಾನೆ. ತಡಿಯಪ್ಪಾ ಸ್ವಲ್ಪ, ಅಕ್ಕ ಕಾಯ್ತಾ—